ಸಂಚಿಯ ಅರೆಗಳು

ಅಂಗಡಿಯಿಂದ ತಂದ ಉಡುಗೊರೆಯು ಕಟ್ಟು ಬಿಚ್ಚದೆಯೇ ಒಂದು ಮನೆಯ ಮದುವೆಯಿಂದ ಇನ್ನೊಂದು ಮನೆಯ ಮುಂಜಿಗೆ ಪ್ರಯಾಣ ಮಾಡುವುದನ್ನು ವಾಚಕರು ಕಂಡಿರಬಹುದು. ನಮ್ಮ ಮನೆಯಿಂದ ಸ್ನೇಹಿತರಿಗೆ ಹೋಗುವ ಒಂದು ವಸ್ತು ಮಾತ್ರ ಹೀಗೆ ಎಂದೂ ಕೈ ಬದಲಾಯಿಸಿಲ್ಲ. ಅದು ನನ್ನ ಗೃಹಿಣಿಯು ಕೈಯಲ್ಲಿ ಹೊಲಿಯುವ ಎಲೆಯಡಿಕೆಯ ಸಂಚಿ.

ಸಂಚಿ ಎಂದೊಡನೆ ಸಂಸ್ಕೃತ ಓದಿದವನಿಗೆ ‘ಸಂಚಯ’ ಶಬ್ದವು ನೆನಪಾಗುವುದು ಸಹಜ. ಕಿವಿಗೆ ಹತ್ತಿರವಾದುದೆಲ್ಲ ವ್ಯುತ್ಪತ್ತಿಯಲ್ಲವೆಂದು ಮಕ್ಕಳಿಗೆ ಹೇಳುತ್ತ ಬಂದ ನಾನು ಆ ಗೊಡವೆಗೆ ಹೋಗಲಾರೆ. ಆದರೆ ವಸ್ತುವಿನ ಕುಲ ದೊಡ್ಡದು. ಬಾಣಭಟ್ಟನ ಕಾದಂಬರಿಯಲ್ಲಿ ಪತ್ರಲೇಖೆಯು ರಾಜಕುಮಾರ ಚಂದ್ರಾಪೀಡನ ತಾಂಬೂಲದ ಕರಂಡಕವನ್ನು ಹಿಡಿದವಳು. 1673ರಿಂದ 1704ರವರೆಗೆ ಮೈಸೂರನ್ನಾಳಿದ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿಯ ಊಳಿಗದಲ್ಲಿದ್ದು ‘ಹದಿಬದೆಯ ಧರ್ಮ’ವನ್ನು ರಚಿಸಿದ ಹೊನ್ನಮ್ಮನಿಗೆ ಆ ಊಳಿಗವೇ ಹೆಸರಾಗಿ ನಿಂತಿತು.

ನಮ್ಮಾಕೆಯ ತವರು ಕುಣಿಗಲ್. ಈ ಹೊಲಿಗೆ ಅಲ್ಲಿ ತಾಯಿಯಿಂದ ಬಂದ ವಿದ್ಯೆ. ಬಟ್ಟೆಯು ದಪ್ಪ ಹತ್ತಿಯದಾಗಿರಬೇಕು. ಕತ್ತರಿ ಹಾಕುವ ಮುನ್ನ ಒಮ್ಮೆ ನೆನೆಸಿ ಒಣಗಿಸಬೇಕು, ಇಲ್ಲವಾದರೆ ಮೊದಲ ಒಗೆತಕ್ಕೇ ಕುಗ್ಗಿ ಸಂಚಿಯು ಸೊಟ್ಟಗಾಗುವುದು. ಗೇಣುದ್ದದ ಮೂರು ತುಂಡುಗಳನ್ನು ಒಂದರ ಮೇಲೊಂದಿಟ್ಟು ಕೆಳಗೂ ಮಗ್ಗುಲುಗಳಿಗೂ ಹೊಲಿದರೆ ಎರಡು ಅರೆಗಳಾದುವು, ಎಲೆಗೊಂದು, ಅಡಿಕೆಗೊಂದು. ನಡುವಿನ ತುಂಡು ಎರಡಂಗುಲ ಗಿಡ್ಡವಾಗಿರಬೇಕು. ಹೊರಗಿನ ಎರಡರ ಬಾಯಂಚನ್ನು ಮಡಿಸಿ, ಕೊಳವೆಯಂತೆ ಹೊಲಿದು, ಎರಡು ದಾರಗಳನ್ನು ಸುತ್ತಲೂ ಪೋಣಿಸಿ, ಒಂದಕ್ಕೆ ಬಲಗಡೆಯೂ ಇನ್ನೊಂದಕ್ಕೆ ಎಡಗಡೆಯೂ ಗಂಟು ಹಾಕಬೇಕು. ಎರಡು ಕಡೆಗೂ ಎಳೆದರೆ ಬಾಯಿ ಮುಚ್ಚುವುದು. ಮಗ್ಗುಲ ಹೊಲಿಗೆಯು ಕೊಳವೆಯ ಕೆಳಗೇ ನಿಲ್ಲಬೇಕು. ನಾನೊಮ್ಮೆ ಹೊಲಿಯಹೋಗಿ ದಾರಕ್ಕೆ ದಾರಿಯೇ ಇಲ್ಲದಂತೆ ಮಾಡಿದೆನು. ಹೊರಮೈಗೆ ಸುಣ್ಣದ ಡಬ್ಬಿಯ ಅರೆಯೊಂದನ್ನು ಕೂರಿಸಿದರೆ ಸಂಚಿ ಮುಗಿಯಿತು. ಯಾರ ಡಬ್ಬಿ ಎಷ್ಟು ಅಗಲ, ಯಾರ ಅಡಕತ್ತರಿ ಎಷ್ಟು ಉದ್ದ ಎಂಬುದೆಲ್ಲ ಆಕೆಗೆ ಕಂಠಪಾಠ.

ಗುಬ್ಬಿಯ ಬಳಿ ಅಡಿಕೆಯ ತೋಟವಿರುವ ನನ್ನ ಸಹಪಾಠಿಯೊಬ್ಬನಿಗೆ ಆಕೆ ಹೀಗೆ ಐದು ಸಂಚಿಗಳನ್ನು ಹೊಲಿದುಕೊಟ್ಟಿದ್ದಳು. ಕಳೆದ ವರ್ಷ ಅವನು ರೈಲಿನಲ್ಲಿ ತುಮಕೂರಿಗೆ ಬಂದವನು, ನಮ್ಮಲ್ಲಿ ಊಟಕ್ಕೆ ಕುಳಿತು, ಸಾರಿನ ಖಾರವನ್ನು ತಾಳಲಾರದೆ ಬರಿಯ ಮಜ್ಜಿಗೆಯನ್ನ ಉಂಡನು. ವೈದ್ಯರಲ್ಲಿಗೆ ಕರೆದುಕೊಂಡು ಹೋದೆನು. ಆರೋಗ್ಯವಂತನ ಬಾಯಿಯಲ್ಲಿ ಮೂರು ಬೆರಳುಗಳು ನಿಲುವಾಗಿ ಹಿಡಿಯಬೇಕಂತೆ. ಇವನದರಲ್ಲಿ ಎರಡೂ ಹಿಡಿಯಲಿಲ್ಲ. ಅಡಿಕೆಯಿಂದ ಬಾಯಿಯ ಒಳಪೊರೆ ನಾರುಗಟ್ಟಿದೆ, ಇದು ಕ್ಯಾನ್ಸರಿಗೆ ತಿರುಗುವುದುಂಟು, ಅಗಿಯುವುದನ್ನು ಇಂದೇ ಬಿಡಬೇಕು ಎಂದರು. “ಹೊಗೆಸೊಪ್ಪನ್ನು ನಾನು ಮುಟ್ಟಿದವನಲ್ಲ, ನನ್ನ ತೋಟದ ಅಡಿಕೆ ಮಾತ್ರ” ಎಂದು ಅವನು ವಾದಿಸಿದನು. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಹೊಗೆಸೊಪ್ಪಿಲ್ಲದ ಎಲೆಯಡಿಕೆಯನ್ನೂ 2004ರಲ್ಲಿಯೇ ಕ್ಯಾನ್ಸರ್‌ಕಾರಕವೆಂದು ಸಾರಿರುವುದು.

ಆ ರಾತ್ರಿ ನಮ್ಮಾಕೆಯು, “ಆ ಸುಣ್ಣದ ಅರೆಯನ್ನು ಅಳತೆಮಾಡಿ ಹೊಲಿದವಳು ನಾನಲ್ಲವೆ?” ಎಂದಳು. ಗಡಿಗೆಯ ಮಣ್ಣನ್ನು ಹೊತ್ತುತಂದ ಕತ್ತೆಯನ್ನು ಗಡಿಗೆಗೆ ಕಾರಣವೆಂದು ತಾರ್ಕಿಕರು ಒಪ್ಪುವುದಿಲ್ಲವೆಂದು ನಾನು ಸಮಾಧಾನ ಹೇಳಿದೆನು. “ಮಣ್ಣು ಯಾತಕ್ಕೆಂದು ಕತ್ತೆಗೆ ತಿಳಿಯದು. ನನಗೆ ತಿಳಿದಿತ್ತು” ಎಂದಳು. ಮೂವತ್ತು ವರ್ಷ ಪಾಠ ಹೇಳಿದವನಿಗೆ ಉತ್ತರ ಹೊಳೆಯಲಿಲ್ಲ.

ಹದಿನೈದು ದಿನಗಳಲ್ಲಿ ಆರನೆಯ ಸಂಚಿ ಸಿದ್ಧವಾಯಿತು. ಎಲೆಯ ಅರೆ ಕನ್ನಡಕಕ್ಕೆ, ಅಡಿಕೆಯದು ಮಾತ್ರೆಗಳಿಗೆ. ಹೊರಗೆ ಸುಣ್ಣದ ಡಬ್ಬಿಯಿದ್ದ ಕಡೆ ಉದ್ದನೆಯ ಇಕ್ಕಟ್ಟಾದ ಅರೆಯೊಂದನ್ನು ಕೂರಿಸಿದ್ದಳು. ಬಾಯಿ ಬಿಚ್ಚುವ ವ್ಯಾಯಾಮಕ್ಕೆಂದು ವೈದ್ಯರು ಕೊಟ್ಟಿದ್ದ ಮರದ ತೆಳುಪಟ್ಟಿಗಳಿಗೆ ಅದು; ಅವುಗಳನ್ನು ಒಟ್ಟುಗೂಡಿಸಿ ಹಲ್ಲುಗಳ ನಡುವೆ ಇಟ್ಟು, ದಿನ ಕಳೆದಂತೆ ಒಂದೊಂದನ್ನು ಹೆಚ್ಚಿಸಬೇಕು.

ಸಂಚಿಯನ್ನು ತೆಗೆದುಕೊಂಡವನು ಅಭ್ಯಾಸಬಲದಿಂದ ಹೊರಗಿನ ಅರೆಗೇ ಬೆರಳು ಹಾಕಿದನು. “ಅತ್ತಿಗೆ, ಸುಣ್ಣಕ್ಕೆ ಜಾಗವಿಲ್ಲವಲ್ಲ?”

“ಬೇಕೆಂದೇ ಬಿಟ್ಟಿದ್ದೇನೆ, ಅಣ್ಣ.”

ಅವನು ಮಾತಾಡದೆ ಸೊಂಟದಿಂದ ಹಳೆಯ ಸಂಚಿಯನ್ನು ಬಿಚ್ಚಿ ಆಕೆಯ ಮುಂದಿಟ್ಟನು. ಆಗ ಹದಿಮೂರು ಪಟ್ಟಿ ಹಿಡಿಯುತ್ತಿದ್ದ ಬಾಯಿ ಈ ತಿಂಗಳು ಹದಿನಾರು ಹಿಡಿಯಿತೆಂದು ಗುಬ್ಬಿಯಿಂದ ವರ್ತಮಾನ ಬಂದಿದೆ. ಅರೆಯನ್ನು ಆಕೆ ಇಪ್ಪತ್ತಕ್ಕೆ ಅಳತೆಮಾಡಿ ಹೊಲಿದಿರುವಳು.