ನಾಣ್ಯ ಸಾಲದು, ಉದ್ಯೋಗ ಬೇಕು

ಮುಂಜಾನೆ ಅಂಗಡಿಯ ಬಾಗಿಲು ತೆರೆದು ಬೋಣಿ ಮುಗಿಸುವಷ್ಟರಲ್ಲಿ ಲಿಂಗತ್ವ ಅಲ್ಪಸಂಖ್ಯಾತರೊಬ್ಬರು ಬಂದು ಕೈಚಾಚುವುದು ನಮ್ಮಲ್ಲಿ ಅನೇಕ ವರ್ತಕರ ನಿತ್ಯಾನುಭವ. ಹತ್ತು ರೂಪಾಯಿ ನೀಡಿ, ಹರಸಿಕೊಂಡು ಕಳುಹಿಸುತ್ತೇವೆ. ಅವರ ಆಶೀರ್ವಾದ ವ್ಯಾಪಾರಕ್ಕೆ ಶುಭವೆಂದು ನಂಬುವ ನಾವು, ಅವರಿಗೆ ಗಲ್ಲಾಪೆಟ್ಟಿಗೆಯ ಬಳಿ ಕೆಲಸ ಕೊಡಲು ಹಿಂಜರಿಯುವುದೇಕೆ?

ಸರ್ವೋಚ್ಚ ನ್ಯಾಯಾಲಯವು 2014ರ ಏಪ್ರಿಲ್ 15ರ ತೀರ್ಪಿನಲ್ಲಿ ತೃತೀಯ ಲಿಂಗಿಗಳಿಗೆ ಕಾನೂನಿನ ಮಾನ್ಯತೆ ನೀಡಿತು. ರಾಜ್ಯದ ಸಂಘಟನೆಗಳ ದೀರ್ಘ ಹೋರಾಟದ ಫಲವಾಗಿ ಕರ್ನಾಟಕವು 2017ರಲ್ಲಿ ಪ್ರತ್ಯೇಕ ನೀತಿಯನ್ನು ರೂಪಿಸಿತು. 2021ರ ಜುಲೈನಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಶೇ. 1ರಷ್ಟು ಮೀಸಲಾತಿ ಕಲ್ಪಿಸಿತು. ಆದರೆ ಈ ಮೀಸಲಾತಿ ನಮ್ಮ ಕಾರ್ಖಾನೆ, ಮಳಿಗೆಗಳಿಗೆ ಅನ್ವಯಿಸದು.

ಹಾಗೆಂದು ನಾವು ಹೊಣೆಯಿಂದ ಮುಕ್ತರಲ್ಲ. 2019ರ ಕೇಂದ್ರ ಕಾಯ್ದೆಯ 9ನೇ ಕಲಮು ನೇಮಕಾತಿ, ಬಡ್ತಿಗಳಲ್ಲಿ ತಾರತಮ್ಯವನ್ನು ನಿಷೇಧಿಸಿತು. 11ನೇ ಕಲಮು ಪ್ರತಿ ಸಂಸ್ಥೆಯೂ ದೂರು ಅಧಿಕಾರಿಯನ್ನು ಗೊತ್ತುಪಡಿಸಬೇಕೆಂದು ವಿಧಿಸಿತು. ಖಾಸಗಿ ಸಂಸ್ಥೆಗಳೂ ಇದರ ವ್ಯಾಪ್ತಿಗೆ ಸೇರಿವೆ. ಖಾಸಗಿ ಶಾಲೆಗಳಲ್ಲಿ ಕೆಲಸ ಕಳೆದುಕೊಂಡ ಶಿಕ್ಷಕಿಯೊಬ್ಬರಿಗೆ ಪರಿಹಾರ ನೀಡುವಂತೆ ಸರ್ವೋಚ್ಚ ನ್ಯಾಯಾಲಯ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿದುದನ್ನು ನಾವು ಮರೆಯಬಾರದು.

ಗ್ರಾಹಕರು ಏನೆನ್ನುವರೋ, ಉಳಿದ ಕೆಲಸಗಾರರು ಒಪ್ಪುವರೋ ಎಂಬ ಅಳುಕು ಸಹಜ. ಹೆಣ್ಣುಮಕ್ಕಳು ಕಾರ್ಖಾನೆಗಳಿಗೆ ಬಂದಾಗಲೂ ಇಂಥದೇ ಅಳುಕಿತ್ತು. ಇಂದು ಸಿದ್ಧ ಉಡುಪು ಉದ್ಯಮವು ಅವರ ದುಡಿಮೆಯ ಮೇಲೆಯೇ ನಿಂತಿದೆ. ನಮ್ಮ ಸಂಸ್ಥೆಯು ಸದಸ್ಯರ ಸಭೆಯಲ್ಲಿ ಈ ವಿಷಯವನ್ನು ಚರ್ಚಿಸಿ, ಆಸಕ್ತರಿಗೆ ಹೊಲಿಗೆ, ಪ್ಯಾಕಿಂಗ್, ಲೆಕ್ಕಪತ್ರಗಳ ತರಬೇತಿಯನ್ನು ಏರ್ಪಡಿಸಲಿ. ಒಂದೊಂದು ಘಟಕ ಒಬ್ಬೊಬ್ಬರಿಗೆ ಕೆಲಸ ಕೊಟ್ಟರೂ, ಬಾಗಿಲಲ್ಲಿ ಚಾಚುವ ಕೈಗಳು ದುಡಿಯುವ ಕೈಗಳಾದಾವು.