ಲೆಕ್ಕ ಕೇಳದ ಪಾಲುದಾರಿಕೆ

ಬಡ್ಡಿಯನ್ನು ನಿಷಿದ್ಧಗೊಳಿಸಿ ವ್ಯಾಪಾರವನ್ನು ಅನುಮತಿಸಿದ ಧರ್ಮ ನಮ್ಮದೆಂದು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಆದರೆ ಹಣ ಹೂಡುವ ಸಂದರ್ಭ ಬಂದಾಗ ವ್ಯಾಪಾರಿಗಳಂತೆ ವರ್ತಿಸುತ್ತೇವೆಯೇ? ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ನಾಲ್ಕು ಅಂಗಡಿ ಸುತ್ತಿ ಬಾಳೆಹಣ್ಣಿನ ಬೆಲೆ ವಿಚಾರಿಸುವ ನಾವು, ಮಗಳ ಮದುವೆಗೆಂದು ಕೂಡಿಟ್ಟ ಲಕ್ಷಗಳನ್ನು ಒಂದು ಪ್ರಶ್ನೆಯನ್ನೂ ಕೇಳದೆ ಹೊಸ ಕಂಪೆನಿಯೊಂದರ ಕೈಗೆ ಒಪ್ಪಿಸುತ್ತೇವೆ. ಏಕೆಂದರೆ ಅದರ ಫಲಕದಲ್ಲಿ ‘ಹಲಾಲ್’ ಎಂದು ಬರೆದಿದೆ, ಮಾಲಕನಿಗೆ ಗಡ್ಡವಿದೆ, ಉದ್ಘಾಟನೆಗೆ ಗಣ್ಯರು ಬಂದಿದ್ದರು.

ಈ ಮೈಮರೆವಿನ ಫಲವನ್ನು ಸಮುದಾಯ 2019ರ ಜೂನ್‌ನಲ್ಲಿ ಉಂಡಿತು. 2006ರಲ್ಲಿ ಬೆಂಗಳೂರಿನಲ್ಲಿ ಆರಂಭಗೊಂಡ ಐ ಮಾನಿಟರಿ ಅಡ್ವೈಸರಿ, ಅಂದರೆ ಐಎಂಎ, ಬಾಗಿಲು ಮುಚ್ಚಿತು. 40 ಸಾವಿರಕ್ಕೂ ಹೆಚ್ಚು ದೂರುಗಳು ದಾಖಲಾದವು. ಹಣ ಕಳೆದುಕೊಂಡವರಲ್ಲಿ ಬಹುಪಾಲು ಮುಸ್ಲಿಮರು. ಪ್ರಕರಣ ಸಿಬಿಐ ಕೈಸೇರಿತು. ಕಾಗದದ ಮೇಲೆ ಈ ಹೂಡಿಕೆದಾರರು ಠೇವಣಿದಾರರಲ್ಲ, ಪಾಲುದಾರರು. ಪಾಲುದಾರನೆಂದರೆ ಲಾಭ ನಷ್ಟಗಳೆರಡರಲ್ಲೂ ಭಾಗಿಯಾದವನು, ಲೆಕ್ಕ ಕೇಳುವ ಹಕ್ಕುಳ್ಳವನು. ಆದರೆ ಪಾಲುದಾರರೆಂದು ಸಹಿ ಹಾಕಿದವರಲ್ಲಿ ಎಷ್ಟು ಮಂದಿ ಲೆಕ್ಕಪುಸ್ತಕ ತೋರಿಸಿರೆಂದು ಕೇಳಿದರು? ವಂಚಿಸಿದವನ ಅಪರಾಧವನ್ನು ನಾವು ಕಿರಿದುಗೊಳಿಸುವುದಿಲ್ಲ. ಆದರೆ ನಮ್ಮ ಮೌನ ಅವನಿಗೆ ಆಸರೆಯಾಯಿತು ಎಂಬುದನ್ನೂ ಮರೆಮಾಚಲಾರೆವು.

ಮುಳಾರಬಃ ಮತ್ತು ಮುಶಾರಕಃದಲ್ಲಿ ಲಾಭವನ್ನು ಅನುಪಾತದಲ್ಲಿ ಹಂಚಿಕೊಳ್ಳಬೇಕೇ ಹೊರತು ಬಂಡವಾಳದ ಮೇಲೆ ಇಂತಿಷ್ಟೆಂದು ನಿಗದಿಪಡಿಸುವಂತಿಲ್ಲ. ನಷ್ಟವಾದರೆ ಬಂಡವಾಳ ಹೂಡಿದವನೂ ಹೊರಬೇಕು. ಹಾಗಿರುವಾಗ ನಷ್ಟದ ತಿಂಗಳೇ ಇಲ್ಲದ, ಲಕ್ಷಕ್ಕೆ ಇಂತಿಷ್ಟು ಎಂದು ಮೊದಲೇ ಮಾತು ಕೊಡುವ ವ್ಯಾಪಾರ ಯಾವುದು? ಅದು ಹೆಸರು ಬದಲಿಸಿಕೊಂಡ ಬಡ್ಡಿ. ಇಲ್ಲವೇ ಇಂದು ಬಂದವನ ಹಣವನ್ನು ನಿನ್ನೆ ಬಂದವನಿಗೆ ಹಂಚುವ ಮೋಸ.

‘ಸಹೋದರನನ್ನು ಶಂಕಿಸುವುದು ಸರಿಯೇ? ಅಲ್ಲಾಹನ ಮೇಲೆ ಭರವಸೆಯಿಡಿ’ ಎನ್ನುವವರಿದ್ದಾರೆ. ಅವರಿಗೆ ನಾವು ಸೀರಾದ ಒಂದು ಪ್ರಸಂಗವನ್ನು ನೆನಪಿಸುತ್ತೇವೆ. ಹಝ್ರತ್ ಖದೀಜಾ(ರ) ತಮ್ಮ ಸರಕನ್ನು ಸಿರಿಯಾದತ್ತ ಕಳುಹಿಸಿದ್ದು ಇಡೀ ಮಕ್ಕಾ ‘ಅಲ್ ಅಮೀನ್’ ಎಂದು ಕರೆಯುತ್ತಿದ್ದ ಮುಹಮ್ಮದ್(ಸ)ರ ಕೈಯಲ್ಲಿ. ಆದರೂ ಜೊತೆಗೆ ಸೇವಕ ಮೈಸರಾನನ್ನು ಕಳುಹಿಸಿದರು. ಮರಳಿದ ಮೇಲೆ ಅವನಿಂದ ಪ್ರಯಾಣದ ವಿವರವನ್ನೂ ಕೇಳಿದರು. ಅದರಿಂದ ಪ್ರವಾದಿ(ಸ)ಯವರ ಗೌರವ ಕುಂದಲಿಲ್ಲ, ಹೆಚ್ಚಿತು. ಅಲ್ ಬಕರಃ ಅಧ್ಯಾಯದ 282ನೇ ಸೂಕ್ತ ಸಾಲದ ವ್ಯವಹಾರವನ್ನು ಬರೆದಿಡಲು, ಸಾಕ್ಷಿ ನಿಲ್ಲಿಸಲು ಆದೇಶಿಸುವುದು ಸತ್ಯವಿಶ್ವಾಸಿಗಳಿಗೇ. ಲೆಕ್ಕ ಕೇಳುವುದು ಅವಿಶ್ವಾಸವಲ್ಲ, ಅಮಾನತ್ತಿನ ರಕ್ಷಣೆ.

ಇನ್ನೊಂದು ಅತಿರೇಕವೂ ಇದೆ. ಒಮ್ಮೆ ಕೈಸುಟ್ಟವರು ‘ಷೇರೆಂದರೆ ಜೂಜು’ ಎಂದು ಹೇಳಿ ಎಲ್ಲವನ್ನೂ ಚಿನ್ನಕ್ಕೆ, ನಿವೇಶನಕ್ಕೆ ಸುರಿಯುತ್ತಿದ್ದಾರೆ. ನೈಜ ಉದ್ಯಮದಲ್ಲಿ ಪಾಲು ಪಡೆಯುವುದು ಜೂಜಲ್ಲ. ಏನೆಂದು ತಿಳಿಯದೆ ಕೊಳ್ಳುವುದು ಜೂಜು. ನಮ್ಮ ಮೈಸೂರಿನವೇ ಎರಡು ಕಂಪೆನಿಗಳನ್ನು ನೋಡೋಣ. ಕೊಳ್ಳಿರೆಂದು ಹೇಳಲು ಅಲ್ಲ, ಓದುವ ಬಗೆಯನ್ನು ತೋರಿಸಲು. 1988ರಲ್ಲಿ ಇಲ್ಲಿ ಆರಂಭವಾದ ಕೇನ್ಸ್ ಟೆಕ್ನಾಲಜಿ 2022ರ ನವೆಂಬರ್‌ನಲ್ಲಿ ಷೇರುಪೇಟೆಗೆ ಬಂತು. ಹೊಸ ಷೇರುಗಳಿಂದ ಬರುವ 530 ಕೋಟಿ ರೂಪಾಯಿಯಲ್ಲಿ ಎಷ್ಟು ಸಾಲ ತೀರಿಸಲು, ಎಷ್ಟು ಕಾರ್ಖಾನೆಗೆ ಎಂಬುದು ಅದರ ಪ್ರಾಸ್ಪೆಕ್ಟಸ್‌ನಲ್ಲೇ ಇತ್ತು. 2025ರ ನವೆಂಬರ್‌ನಲ್ಲಿ ಬಂದ ಎಕ್ಸೆಲ್‌ಸಾಫ್ಟ್ ಸಂಗ್ರಹಿಸಲು ಹೊರಟ 500 ಕೋಟಿಯಲ್ಲಿ 320 ಕೋಟಿ ಹಳೆಯ ಪಾಲುದಾರರು ತಮ್ಮ ಷೇರು ಮಾರಿದ್ದು; ಆ ಹಣ ಕಂಪೆನಿಗೆ ಸೇರುವುದಿಲ್ಲ. ಅದು ತಪ್ಪಲ್ಲ, ಆದರೆ ತಿಳಿದಿರಬೇಕಾದ ಸಂಗತಿ. ಇವೆಲ್ಲವನ್ನೂ ಸೆಬಿಯ ಜಾಲತಾಣದಲ್ಲಿ ಯಾರೂ ಉಚಿತವಾಗಿ ಓದಬಹುದು.

ಹಲಾಲ್ ಎಂಬುದಕ್ಕೂ ಅಳತೆಯಿದೆ. ಇಸ್ಲಾಮೀ ಹಣಕಾಸಿನ ಮಾನದಂಡ ರೂಪಿಸುವ ಬಹರೈನ್‌ನ ಅಯೋಫಿ ಸಂಸ್ಥೆಯ ಪ್ರಕಾರ, ಕಂಪೆನಿಯ ಮೂಲ ವ್ಯವಹಾರ ಅನುಮತಿಸಲ್ಪಟ್ಟದ್ದಾಗಿರಬೇಕು. ಬಡ್ಡಿಸಾಲ ಮಾರುಕಟ್ಟೆ ಮೌಲ್ಯದ ಶೇ. 30ನ್ನು, ನಿಷಿದ್ಧ ಆದಾಯ ಒಟ್ಟು ಆದಾಯದ ಶೇ. 5ನ್ನು ಮೀರಬಾರದು, ಆ ಅಲ್ಪಾಂಶವನ್ನೂ ದಾನವಾಗಿ ಹೊರಹಾಕಬೇಕು. ಷೇರುಪೇಟೆಗೆ ಬಾರದ ಕಂಪೆನಿಯಾದರೆ, ಅದು ಕಂಪೆನಿ ವ್ಯವಹಾರಗಳ ಸಚಿವಾಲಯಕ್ಕೆ ಸಲ್ಲಿಸಿದ ದಾಖಲೆಗಳನ್ನು 100 ರೂಪಾಯಿ ಶುಲ್ಕ ತೆತ್ತು ನೋಡಬಹುದು. ಅಲ್ಲಿ ಲೆಕ್ಕವೇ ಸಲ್ಲಿಸದವನಿಗೆ ಹಣ ಕೊಡಬೇಡಿ. ಎಲ್ಲವೂ ಸರಿಯಿದ್ದರೂ ಹೊಸ ಕಂಪೆನಿಗಳು ಮುಳುಗುವುದುಂಟು. ಆದ್ದರಿಂದ ಕಳೆದುಕೊಂಡರೂ ಮನೆಯ ಒಲೆ ಆರದಷ್ಟನ್ನು ಮಾತ್ರ ಹೂಡಿ.

ಮಸೀದಿ ಕಮಿಟಿಗಳಿಗೂ ಖತೀಬರಿಗೂ ನಮ್ಮ ವಿನಂತಿ ಇಷ್ಟೇ: ಲೆಕ್ಕಪತ್ರ ನೋಡದ ಕಂಪೆನಿಯ ವೇದಿಕೆ ಹತ್ತಬೇಡಿ. ಉದಯಗಿರಿಯ ತಾಯಿಯೊಬ್ಬಳು ಊದುಬತ್ತಿ ಹೊಸೆದು ಕೂಡಿಟ್ಟ ಹಣ ನಿಮ್ಮ ಮುಖ ನೋಡಿ ಹೊರಡುತ್ತದೆ. ಸಂಪತ್ತನ್ನು ಹೇಗೆ ಗಳಿಸಿದೆ, ಯಾವುದಕ್ಕೆ ವ್ಯಯಿಸಿದೆ ಎಂಬ ಪ್ರಶ್ನೆ ನಾಳೆ ನಮ್ಮೆಲ್ಲರಿಗೂ ಎದುರಾಗಲಿದೆ. ಅಂದು ಲೆಕ್ಕ ಕೊಡಬೇಕಾದವರು ಇಂದು ಲೆಕ್ಕ ಕೇಳಲು ನಾಚಬಾರದು. ಅಲ್ಲಾಹನು ನಮ್ಮ ಸಂಪಾದನೆಯನ್ನು ಶುದ್ಧಗೊಳಿಸಲಿ, ನಮಗೆ ವಿವೇಕವನ್ನು ದಯಪಾಲಿಸಲಿ.