ಕಾಲೇಜಿಗಾಗಿ ಬಂದ್, ಚರಂಡಿಗೆ ಹೊಣೆ ಯಾರು?

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳ ಸಾರ್ವಜನಿಕ ಆರೋಗ್ಯದ ಕುರಿತು ಕಳೆದ ಎರಡು ದಶಕಗಳಲ್ಲಿ ನಡೆದ ರಾಜಕೀಯ ಚರ್ಚೆಯನ್ನೆಲ್ಲ ಒಂದೆಡೆ ಕೂಡಿಸಿ ನೋಡಿದರೆ, ಅದರಲ್ಲಿ ಬಹುಪಾಲು ಕಟ್ಟಡಗಳ ಚರ್ಚೆಯೇ ಆಗಿದೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವನ್ನು ರಾಮನಗರಕ್ಕೆ ತರುವ ಮಾತು 2000ದ ದಶಕದಿಂದಲೂ ಕೇಳಿಬರುತ್ತಿದೆ. ಕನಕಪುರಕ್ಕೆಂದು ಘೋಷಣೆಯಾಗಿದ್ದ ವೈದ್ಯಕೀಯ ಕಾಲೇಜು 2019ರಲ್ಲಿ ಚಿಕ್ಕಬಳ್ಳಾಪುರದ ಪಾಲಾದಾಗ ಅದು ರಾಜ್ಯಮಟ್ಟದ ವಿವಾದವಾಯಿತು. 2023ರಲ್ಲಿ ರಾಮನಗರದ ವೈದ್ಯಕೀಯ ಕಾಲೇಜು ಕನಕಪುರಕ್ಕೆ ಸ್ಥಳಾಂತರವಾಗುತ್ತದೆ ಎಂಬ ಸುದ್ದಿ ಹರಡಿದಾಗ ರಾಮನಗರದಲ್ಲಿ ಪ್ರತಿಭಟನೆ, ಬಂದ್‌ಗಳು ನಡೆದವು.

ವೈದ್ಯಕೀಯ ಕಾಲೇಜು ಬೇಡವೆಂದು ಯಾರೂ ಹೇಳಲಾರರು. ಗಂಭೀರ ಕಾಯಿಲೆ ಬಂದರೆ ಬೆಂಗಳೂರಿನ ದಾರಿ ಹಿಡಿಯಬೇಕಾದ ಜನರಿಗೆ ಅದರ ಅಗತ್ಯ ಎಷ್ಟೆಂಬುದು ಗೊತ್ತು. ಆದರೆ ಈ ನಾಲ್ಕು ಪಟ್ಟಣಗಳ ಜನರನ್ನು ಕಾಯಿಲೆ ಬೀಳದಂತೆ ಕಾಯುವ ಕೆಲಸ ಕಾಲೇಜಿನಲ್ಲಿ ನಡೆಯುವುದಿಲ್ಲ. ನಲ್ಲಿ ನೀರಿನಲ್ಲಿ ಕ್ಲೋರಿನ್ ಉಳಿದಿದೆಯೇ ಎಂದು ನೋಡುವುದು, ಚರಂಡಿಯ ಹೂಳೆತ್ತುವುದು, ಮನೆಮನೆಗೆ ಹೋಗಿ ತೊಟ್ಟಿ ಡ್ರಮ್ಮುಗಳಲ್ಲಿ ಸೊಳ್ಳೆ ಮರಿ ಹುಡುಕುವುದು, ಜ್ವರ ಬಂದವರ ಪಟ್ಟಿ ಮಾಡುವುದು, ಮಗುವಿಗೆ ಲಸಿಕೆ ತಪ್ಪದಂತೆ ನೋಡಿಕೊಳ್ಳುವುದು, ಹೋಟೆಲಿನ ಅಡುಗೆಮನೆಗೆ ಇಣುಕುವುದು - ಇವು ದಿನನಿತ್ಯದ ಕೆಲಸಗಳು. ಇವುಗಳಿಗಾಗಿ ಯಾರೂ ಬಂದ್ ಕರೆದ ಉದಾಹರಣೆ ಇಲ್ಲ. ಇವು ಸರಿಯಾಗಿ ನಡೆದ ದಿನ ಸುದ್ದಿಯೂ ಆಗುವುದಿಲ್ಲ.

ಹಂಚಿಹೋದ ಹೊಣೆ

ಸಮಸ್ಯೆ ಕೆಲಸಗಾರರ ನಿರ್ಲಕ್ಷ್ಯವೊಂದೇ ಅಲ್ಲ. ಹೊಣೆಯೇ ಹಲವು ಇಲಾಖೆಗಳಲ್ಲಿ ಹಂಚಿಹೋಗಿದೆ. ಸಂವಿಧಾನದ 74ನೇ ತಿದ್ದುಪಡಿಯ ಮೂಲಕ ಬಂದ 12ನೇ ಪರಿಚ್ಛೇದವು ಸಾರ್ವಜನಿಕ ಆರೋಗ್ಯ ಮತ್ತು ನೈರ್ಮಲ್ಯವನ್ನು ನಗರಾಡಳಿತದ ವಿಷಯವೆಂದು ಹೇಳುತ್ತದೆ. 73ನೇ ತಿದ್ದುಪಡಿಯ 11ನೇ ಪರಿಚ್ಛೇದ ಇದೇ ವಿಷಯವನ್ನು ಪಂಚಾಯಿತಿಗಳ ಪಟ್ಟಿಯಲ್ಲಿ ಸೇರಿಸಿದೆ. ಆದರೆ ವೈದ್ಯರು, ಆರೋಗ್ಯ ನಿರೀಕ್ಷಣಾಧಿಕಾರಿಗಳು, ಆಶಾ ಕಾರ್ಯಕರ್ತೆಯರು ಆರೋಗ್ಯ ಇಲಾಖೆಯ ಮಾತು ಕೇಳುತ್ತಾರೆ.

ರಾಮನಗರ, ಚನ್ನಪಟ್ಟಣ ಮತ್ತು ಕನಕಪುರಗಳಲ್ಲಿ ನಗರಸಭೆಗಳಿವೆ. ಮಾಗಡಿಯಲ್ಲಿ ಪುರಸಭೆ ಇದೆ. ಕಸ ಮತ್ತು ಚರಂಡಿ ಇವುಗಳ ಪಾಲಿಗೆ ಬರುತ್ತದೆ. ನಗರಸಭೆಯ ಆರೋಗ್ಯ ನಿರೀಕ್ಷಕ ಪೌರಾಡಳಿತ ನಿರ್ದೇಶನಾಲಯದ ನೌಕರ. ಅವನ ಮೇಲೆ ತಾಲ್ಲೂಕು ಆರೋಗ್ಯಾಧಿಕಾರಿಗೆ ನೇರ ಅಧಿಕಾರವಿಲ್ಲ. ಒಳಚರಂಡಿ ಯೋಜನೆಯನ್ನು ರೂಪಿಸಿ ಕಟ್ಟುವುದು ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ. ಕಾರ್ಖಾನೆಯ ಕೊಳಚೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಸೇರಿದ್ದು. ಊರಾಚೆ ಹೋದರೆ ಪೈಪು ಹಾಕುವುದು ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆ. ನೀರು ಬಿಡುವುದು ಗ್ರಾಮ ಪಂಚಾಯಿತಿಯ ನೀರುಗಂಟಿ.

ಒಂದು ಬೀದಿಯಲ್ಲಿ ವಾಂತಿಭೇದಿ ಕಾಣಿಸಿಕೊಂಡಿತೆನ್ನಿ. ರೋಗಿಗಳ ಲೆಕ್ಕ ಆರೋಗ್ಯ ಇಲಾಖೆಯ ಬಳಿ ಇರುತ್ತದೆ. ಒಡೆದ ಕೊಳವೆ ನಗರಸಭೆಯದು. ಕೊಳವೆಯ ಪಕ್ಕದಲ್ಲೇ ಹಾದುಹೋದ ಒಳಚರಂಡಿಯ ನಕ್ಷೆ ಮಂಡಳಿಯ ಕಚೇರಿಯಲ್ಲಿ. ಈ ಮೂರೂ ಒಂದೇ ಮೇಜಿನ ಮೇಲೆ ಬರುವಷ್ಟರಲ್ಲಿ ಇನ್ನೊಂದು ಬೀದಿಗೆ ಕಾಯಿಲೆ ದಾಟಿರುತ್ತದೆ. ಇದು ಕೇವಲ ಊಹೆಯಲ್ಲ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಹಲವರು ಪ್ರಾಣ ಕಳೆದುಕೊಂಡರು. 2024ರ ಮೇ ತಿಂಗಳಲ್ಲಿ ಮೈಸೂರು ತಾಲ್ಲೂಕಿನ ಕೆ.ಸಾಲುಂಡಿಯಲ್ಲಿ ವಾಂತಿಭೇದಿಯಿಂದ ಯುವಕನೊಬ್ಬ ಮೃತಪಟ್ಟ. ಸಾವಿನ ನಂತರ ಅಧಿಕಾರಿಗಳ ದಂಡೇ ಬರುತ್ತದೆ, ಟ್ಯಾಂಕರ್ ಬರುತ್ತದೆ, ಅಮಾನತು ಆದೇಶಗಳೂ ಹೊರಡುತ್ತವೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಈ ಪದ್ಧತಿ ಯಾವುದೋ ಒಂದು ಜಿಲ್ಲೆಗೆ ಸೀಮಿತವಲ್ಲ.

ರಾಮನಗರವೇ ಕಲಿಸಿದ್ದ ಪಾಠ

ವಿಪರ್ಯಾಸವೆಂದರೆ, ಹೊಣೆಯನ್ನು ಒಂದೇ ಕಡೆ ಸೇರಿಸುವ ಪ್ರಯೋಗ ನಡೆದ ಊರುಗಳಲ್ಲಿ ರಾಮನಗರವೂ ಒಂದು. ಮೈಸೂರು ಸಂಸ್ಥಾನ 1929ರಲ್ಲಿ ಪ್ರತ್ಯೇಕ ಆರೋಗ್ಯ ಇಲಾಖೆಯನ್ನು ರಚಿಸಿತು. ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನೊಂದಿಗೆ ಮಂಡ್ಯದಲ್ಲಿ ಗ್ರಾಮೀಣ ಆರೋಗ್ಯ ಘಟಕ ಆರಂಭವಾಯಿತು. ಅದರ ಬೆನ್ನಿಗೇ 1930ರ ದಶಕದಲ್ಲಿ, ಆಗ ಕ್ಲೋಸ್‌ಪೇಟೆ ಎಂದು ಕರೆಯಲಾಗುತ್ತಿದ್ದ ರಾಮನಗರದಲ್ಲಿ ಆರೋಗ್ಯ ಘಟಕ ಮತ್ತು ತರಬೇತಿ ಕೇಂದ್ರ ತಲೆಯೆತ್ತಿತು. ಬಂಗಾಳದ ಸಿಂಗೂರು, ದೆಹಲಿಯ ನಜಾಫ್‌ಗಢ, ಮದ್ರಾಸ್ ಪ್ರಾಂತ್ಯದ ಪೂನಮಲ್ಲಿ, ತಿರುವಾಂಕೂರಿನ ನೆಯ್ಯಾಟ್ಟಿನಕರಗಳಲ್ಲಿದ್ದ ಘಟಕಗಳ ಸಾಲಿಗೆ ಸೇರಿದ್ದು ಇದು.

ಈ ಘಟಕಗಳ ತತ್ವ ಸರಳವಾಗಿತ್ತು. ಒಂದು ಗೊತ್ತಾದ ಪ್ರದೇಶ; ಅದಕ್ಕೊಬ್ಬ ಆರೋಗ್ಯಾಧಿಕಾರಿ; ಅವನ ಕೈಕೆಳಗೆ ನೈರ್ಮಲ್ಯ ನಿರೀಕ್ಷಕರು, ಆರೋಗ್ಯ ಸಂದರ್ಶಕಿಯರು, ಸೂಲಗಿತ್ತಿಯರು. ಜನನ ಮರಣದ ಲೆಕ್ಕ, ಬಾವಿಯ ಶುದ್ಧಿ, ಪಾಯಖಾನೆಯ ನಿರ್ಮಾಣ, ಸಿಡುಬಿನ ಲಸಿಕೆ, ಬಾಣಂತಿಯ ಆರೈಕೆ ಎಲ್ಲವೂ ಒಂದೇ ಕಚೇರಿಯ ಕೆಲಸ. 1946ರಲ್ಲಿ ವರದಿ ನೀಡಿದ ಭೋರ್ ಸಮಿತಿ ದೇಶಕ್ಕೆಲ್ಲ ಶಿಫಾರಸು ಮಾಡಿದ ಪ್ರಾಥಮಿಕ ಆರೋಗ್ಯ ಕೇಂದ್ರದ ಕಲ್ಪನೆಯ ಹಿಂದೆ ಇಂಥ ಘಟಕಗಳ ಅನುಭವವಿತ್ತು. 1952ರಿಂದ ಸಮುದಾಯ ಅಭಿವೃದ್ಧಿ ಯೋಜನೆಯಡಿ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಬಂದವು. ಆದರೆ ಕಾಲಕ್ರಮದಲ್ಲಿ ಕೇಂದ್ರ ಚಿಕಿತ್ಸೆಯ ಜಾಗವಾಗಿ ಉಳಿಯಿತು. ನೀರು ಒಂದು ಇಲಾಖೆಗೆ, ಚರಂಡಿ ಇನ್ನೊಂದು ಇಲಾಖೆಗೆ ಹೋದವು. ದೇಶಕ್ಕೆ ಮಾದರಿಯಾಗಿದ್ದ ಊರಿನಲ್ಲೇ ಮಾದರಿಯ ಮುಖ್ಯ ಗುಣ ಕಳೆದುಹೋಯಿತು.

ಬೆಂಗಳೂರಿನ ಕೊಳಚೆ

2007ರ ಆಗಸ್ಟ್‌ನಲ್ಲಿ ಬೆಂಗಳೂರು ಗ್ರಾಮಾಂತರದಿಂದ ಈ ನಾಲ್ಕು ತಾಲ್ಲೂಕುಗಳನ್ನು ಬೇರ್ಪಡಿಸಿ ರಾಮನಗರ ಜಿಲ್ಲೆ ಮಾಡಲಾಯಿತು. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ ಸುಮಾರು 10.82 ಲಕ್ಷ. ಕನಕಪುರದಿಂದ ಒಡೆದ ಹಾರೋಹಳ್ಳಿ ಈಗ ಪ್ರತ್ಯೇಕ ತಾಲ್ಲೂಕು. 2025ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟಿತು. ಬೆಂಗಳೂರಿನ ಹೆಸರು ಬಂದರೆ ಬಂಡವಾಳ ಬರುತ್ತದೆ, ಭೂಮಿಗೆ ಬೆಲೆ ಬರುತ್ತದೆ ಎಂಬುದು ಸಮರ್ಥಕರ ವಾದ. ಬೆಂಗಳೂರಿನಿಂದ ಬಂಡವಾಳಕ್ಕಿಂತ ಮುಂಚೆಯೇ ಬಂದದ್ದು ಕೊಳಚೆ ಎಂಬುದನ್ನು ಮರೆಯುವಂತಿಲ್ಲ.

ರಾಜಧಾನಿಯ ಮನೆಗಳ ಮತ್ತು ಕೈಗಾರಿಕೆಗಳ ತ್ಯಾಜ್ಯ ಹೊತ್ತ ವೃಷಭಾವತಿ ಬಿಡದಿ ಸಮೀಪದ ಬೈರಮಂಗಲ ಕೆರೆಗೆ ಬಂದು, ಮುಂದೆ ಅರ್ಕಾವತಿಯನ್ನು ಕೂಡುತ್ತದೆ. ಅರ್ಕಾವತಿ ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಬೇಸಾಯಕ್ಕೆಂದು ಕಟ್ಟಿದ ಬೈರಮಂಗಲ ಕೆರೆಯ ನೀರಿನ ನೊರೆ, ದುರ್ವಾಸನೆ ಮತ್ತು ಸೊಳ್ಳೆಗಳ ಬಗ್ಗೆ ಸುತ್ತಲಿನ ಹಳ್ಳಿಗಳ ಜನ ದಶಕಗಳಿಂದ ದೂರುತ್ತ ಬಂದಿದ್ದಾರೆ. ಇತ್ತ ರಾಮನಗರದ ಒಳಗೂ ಅರ್ಕಾವತಿಗೆ ನೆಮ್ಮದಿಯಿಲ್ಲ. ಊರಿನ ಚರಂಡಿ ನೀರೂ, ರೇಷ್ಮೆ ನೂಲು ಬಿಚ್ಚುವ ಘಟಕಗಳ ಬಿಸಿನೀರೂ ಅದೇ ಹೊಳೆಯ ದಾರಿ ಹಿಡಿದಿವೆ. 2022ರ ಆಗಸ್ಟ್ ಕೊನೆಯಲ್ಲಿ ಸುರಿದ ಮಳೆಗೆ ರಾಮನಗರದ ತಗ್ಗು ಪ್ರದೇಶಗಳಿಗೆ ನೀರು ನುಗ್ಗಿತು, ಬೆಂಗಳೂರು-ಮೈಸೂರು ಹೆದ್ದಾರಿ ಜಲಾವೃತವಾಯಿತು. ನೆರೆ ಇಳಿದ ನಂತರ ಮನೆಯೊಳಗೆ ಉಳಿಯುವ ಕೆಸರು ಯಾವ ಇಲಾಖೆಯ ಗಡಿಯನ್ನೂ ನೋಡಿ ಬಂದದ್ದಲ್ಲ.

ದಂಡಕ್ಕಿಂತ ಮುಂಚಿನ ಕೆಲಸ

ಡೆಂಗಿ ಜ್ವರದ ವಿಷಯದಲ್ಲಿ ಸರ್ಕಾರ ಕಾನೂನಿನ ಬಲ ಬಳಸಿದ್ದುಂಟು. 2024ರ ಸೆಪ್ಟೆಂಬರ್ ಆರಂಭದ ಹೊತ್ತಿಗೆ ರಾಜ್ಯದಲ್ಲಿ 24 ಸಾವಿರಕ್ಕೂ ಹೆಚ್ಚು ಪ್ರಕರಣಗಳು ದಾಖಲಾಗಿದ್ದವು. ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ನಿಗದಿ ಮಾಡಲಾಯಿತು. ಮನೆಗಳಿಗೆ ನಗರದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200. ವಾಣಿಜ್ಯ ಸ್ಥಳಗಳಿಗೆ 1,000 ಮತ್ತು 500. ಖಾಲಿ ನಿವೇಶನ, ನಿರ್ಮಾಣ ಸ್ಥಳಗಳಿಗೆ 2,000 ಮತ್ತು 1,000 ರೂಪಾಯಿ.

ದಂಡದ ನಿಯಮ ತಪ್ಪಲ್ಲ. ಆದರೆ ಈಡಿಸ್ ಸೊಳ್ಳೆ ಹೆಚ್ಚಾಗಿ ಬೆಳೆಯುವುದು ಮನೆಯವರು ಹಿಡಿದಿಟ್ಟ ಶುದ್ಧ ನೀರಿನಲ್ಲಿ. ಮೊಟ್ಟೆಯಿಂದ ಸೊಳ್ಳೆಯಾಗಿ ಹಾರಲು ಅದಕ್ಕೆ ಸುಮಾರು ಒಂದು ವಾರದಿಂದ ಹತ್ತು ದಿನ ಸಾಕು. ನಲ್ಲಿಯಲ್ಲಿ ನೀರು ಯಾವಾಗ ಬರುತ್ತದೋ ತಿಳಿಯದ ಬಡಾವಣೆಯ ಗೃಹಿಣಿ ಡ್ರಮ್ಮು ತುಂಬಿಡದೆ ಇನ್ನೇನು ಮಾಡಿಯಾಳು? ನೀರು ಬಿಡುವ ಕಚೇರಿ ತನ್ನ ವೇಳಾಪಟ್ಟಿ ತಪ್ಪಿಸಿದ್ದಕ್ಕೆ ದಂಡವಿಲ್ಲ. ಡ್ರಮ್ಮಿನಲ್ಲಿ ಮರಿ ಸಿಕ್ಕಿದ್ದಕ್ಕೆ ಮನೆಯವಳಿಗೆ ದಂಡ. ನೀರು ಮತ್ತು ಜ್ವರದ ಲೆಕ್ಕಗಳನ್ನು ಒಂದೇ ಮೇಜಿನಲ್ಲಿ ನೋಡಿದ್ದರೆ ಈ ಅನ್ಯಾಯ ಮೊದಲೇ ಕಾಣುತ್ತಿತ್ತು.

ಮನೆಮನೆಗೆ ಹೋಗುವವರ ಸ್ಥಿತಿಯೂ ಭಿನ್ನವಲ್ಲ. 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಸಾವಿರ ಜನಸಂಖ್ಯೆಗೆ ಒಬ್ಬ ಆಶಾ ಕಾರ್ಯಕರ್ತೆಯನ್ನು ಕೊಟ್ಟಿತು. ಲಸಿಕೆ, ಹೆರಿಗೆ, ಕ್ಷಯ, ಸಮೀಕ್ಷೆ ಎಲ್ಲವೂ ಅವಳ ಹೆಗಲ ಮೇಲೆ ಬಿದ್ದಿತು. ಆದರೂ ಅವಳು ಸರ್ಕಾರಿ ನೌಕರಳಲ್ಲ, ಗೌರವಧನ ಪಡೆಯುವ ಸ್ವಯಂಸೇವಕಿ. 2025ರ ಜನವರಿಯಲ್ಲಿ ಸಾವಿರಾರು ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಚಳಿಯಲ್ಲಿ ಕುಳಿತ ಮೇಲಷ್ಟೇ ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಸಿಕ್ಕಿತು. ಪಟ್ಟಣಗಳಲ್ಲಿ 700 ಜನರಿಗೆ ಒಬ್ಬ ಪೌರಕಾರ್ಮಿಕ ಎಂಬ ಮಾನದಂಡವೇನೋ ಇದೆ. ಆದರೆ ಬಡಾವಣೆಗಳು ಬೆಳೆಯುವ ವೇಗದಲ್ಲಿ ಹುದ್ದೆಗಳು ಬೆಳೆಯುವುದಿಲ್ಲ.

ಮಾಡಬೇಕಾದ್ದೇನು?

ಹೊಸ ಮಂಡಳಿ, ಹೊಸ ಕಟ್ಟಡ, ಹೊಸ ಅಧ್ಯಕ್ಷ - ಇದು ಸುಲಭದ ಉತ್ತರ. ಸಮಿತಿಗಳಿಗೆ ನಮ್ಮಲ್ಲಿ ಬರವಿಲ್ಲ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಗಳು, ಆಸ್ಪತ್ರೆಗಳ ಆರೋಗ್ಯ ರಕ್ಷಾ ಸಮಿತಿಗಳು, ನಗರಗಳಲ್ಲಿ ಮಹಿಳಾ ಆರೋಗ್ಯ ಸಮಿತಿಗಳು ಈಗಾಗಲೇ ಇವೆ. ಕೊರತೆ ಇರುವುದು ಉತ್ತರ ಹೇಳಬೇಕಾದ ಜಾಗದ್ದು.

ತಾಲ್ಲೂಕಿಗೊಂದು ಜಂಟಿ ಸಭೆ ತಿಂಗಳಿಗೊಮ್ಮೆ ತಪ್ಪದೆ ನಡೆಯಬೇಕು. ತಾಲ್ಲೂಕು ಆರೋಗ್ಯಾಧಿಕಾರಿ ಅದರ ಹೊಣೆ ಹೊರಬೇಕು. ಪೌರಾಯುಕ್ತ ಅಥವಾ ಮುಖ್ಯಾಧಿಕಾರಿ, ನೀರು ಸರಬರಾಜಿನ ಎಂಜಿನಿಯರ್, ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿ ಕಡ್ಡಾಯವಾಗಿ ಕೂರಬೇಕು. ಸಭೆಯ ತೀರ್ಮಾನ ಎಲ್ಲ ಇಲಾಖೆಗಳಿಗೂ ಬದ್ಧವೆಂಬ ಆದೇಶ ಸರ್ಕಾರದಿಂದ ಹೊರಡಬೇಕು. ಅದಕ್ಕಿಂತ ಮುಖ್ಯವಾಗಿ, ಮೂರು ಅಂಕಿಗಳನ್ನು ವಾರ್ಡುವಾರು ಪ್ರಕಟಿಸಬೇಕು: ಪರೀಕ್ಷಿಸಿದ ನೀರಿನ ಮಾದರಿಗಳಲ್ಲಿ ಎಷ್ಟು ಕುಡಿಯಲು ಯೋಗ್ಯ, ಭೇಟಿ ನೀಡಿದ ನೂರು ಮನೆಗಳಲ್ಲಿ ಎಷ್ಟರಲ್ಲಿ ಸೊಳ್ಳೆ ಮರಿ ಸಿಕ್ಕಿತು, ಎಷ್ಟು ಜನರಿಗೆ ಜ್ವರ ಮತ್ತು ಭೇದಿ ಬಂದಿತು. ನಲ್ಲಿಯ ತುದಿಯಲ್ಲಿ ಪ್ರತಿ ಲೀಟರ್ ನೀರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂಬುದು ಮಾನದಂಡ. ಅದನ್ನು ನೋಡಲು ಬೇಕಾದ್ದು ಕೈಯಲ್ಲಿ ಹಿಡಿಯುವ ಸಣ್ಣ ಪೆಟ್ಟಿಗೆಯಷ್ಟೇ. ಈ ಅಂಕಿಗಳಲ್ಲಿ ಹಲವು ಈಗಲೂ ಕಡತಗಳಲ್ಲಿ ದಾಖಲಾಗುತ್ತವೆ. ಅವು ಕಡತದಿಂದ ನಗರಸಭೆಯ ಸೂಚನಾ ಫಲಕಕ್ಕೆ ಬರಲು ಕೋಟಿಗಳ ಅನುದಾನ ಬೇಕಿಲ್ಲ.

ಇದಕ್ಕೆ ಅಧಿಕಾರಿಗಳ ಆಕ್ಷೇಪವೊಂದು ನಿರೀಕ್ಷಿತ. ಅಂಕಿ ಬಯಲಾದರೆ ಜನ ಗಾಬರಿಯಾಗುತ್ತಾರೆ ಎಂಬುದು ಅದು. ಆದರೆ ತನ್ನ ಬೀದಿಯ ನೀರು ಕೆಟ್ಟಿದೆ ಎಂದು ತಿಳಿದವನು ಕಾಯಿಸಿ ಕುಡಿಯುತ್ತಾನೆ, ತಿಳಿಯದವನು ಆಸ್ಪತ್ರೆ ಸೇರುತ್ತಾನೆ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟಿನಲ್ಲಿ ಕಾಲರಾ ಹರಡಿದಾಗ ವೈದ್ಯ ಜಾನ್ ಸ್ನೋ ಸತ್ತವರ ಮನೆಗಳನ್ನು ಗುರುತಿಸಿ, ಆ ಲೆಕ್ಕವನ್ನು ಸ್ಥಳೀಯ ಮಂಡಳಿಯ ಮುಂದಿಟ್ಟ. ಮಂಡಳಿಯವರು ಪೂರ್ತಿ ನಂಬದಿದ್ದರೂ ಪಂಪಿನ ಹಿಡಿಯನ್ನು ತೆಗೆಸಿದರು. ರೋಗದ ಲೆಕ್ಕ ಇಟ್ಟವನೂ ನೀರಿನ ಅಧಿಕಾರ ಇದ್ದವರೂ ಒಂದೇ ಕೋಣೆಯಲ್ಲಿ ಕುಳಿತದ್ದರಿಂದ ಆ ತೀರ್ಮಾನ ಸಾಧ್ಯವಾಯಿತು.

ಈ ನಾಲ್ಕು ಊರುಗಳು ರಾಜ್ಯಕ್ಕೆ ಮುಖ್ಯಮಂತ್ರಿಗಳನ್ನೂ ಉಪಮುಖ್ಯಮಂತ್ರಿಯನ್ನೂ ಕೊಟ್ಟಿವೆ. ಪ್ರಭಾವಕ್ಕೆ ಇಲ್ಲಿ ಕೊರತೆ ಇರಲಿಲ್ಲ. ವೈದ್ಯಕೀಯ ಕಾಲೇಜು ಎಲ್ಲಿರಬೇಕೆಂಬ ಜಗಳ ಮುಂದುವರಿಯಲಿ. ಅದರ ಜತೆಗೆ, ತಮ್ಮ ವಾರ್ಡಿನ ನೀರಿನ ಪರೀಕ್ಷೆ ಕಡೆಯ ಬಾರಿ ಯಾವಾಗ ನಡೆಯಿತು, ಫಲಿತಾಂಶ ಏನಾಯಿತು ಎಂದು ಮುಂದಿನ ನಗರಸಭೆ ಚುನಾವಣೆಯಲ್ಲಿ ಮನೆ ಬಾಗಿಲಿಗೆ ಬರುವ ಅಭ್ಯರ್ಥಿಯನ್ನು ಮತದಾರ ಕೇಳಬೇಕು. ಈ ಪ್ರಶ್ನೆಗೆ ಉತ್ತರ ಸಿಗುವವರೆಗೆ ಜಿಲ್ಲೆಯ ಹೆಸರು ಬದಲಾದರೂ ಜಿಲ್ಲೆಯ ಆರೋಗ್ಯ ಬದಲಾಗದು.